ತೊರಗಲ್ಲಿಗೆ ಮುಟ್ಟದ ಬುತ್ತಿ

ನನಗೆ ಮುಂದಾಳುತನದ ಹುಚ್ಚು ಮೊದಲಿನಿಂದಲೂ ಇತ್ತು. ಬೈಲಹೊಂಗಲದ ಹೆಣ್ಣುಮಕ್ಕಳ ಸಾಲೆಯಲ್ಲಿ ಹತ್ತನೆಯ ಇಯತ್ತೆಗೆ ಬರುವ ಹೊತ್ತಿಗೆ ಗಂಟೆ ಬಾರಿಸುವುದರಿಂದ ಹಿಡಿದು ಅಕ್ಕೋರ ಚೀಲ ಹೊರುವತನಕ ಎಲ್ಲದಕ್ಕೂ ನಾನೇ. ಟೀಚರಿಗೆ ನಾವು ಅಕ್ಕೋರು ಎನ್ನುತ್ತಿದ್ದೆವು. ತೊಂಬತ್ತರ ದಶಕದ ನಡುವಿನ ಒಂದು ಡಿಸೆಂಬರಿನಲ್ಲಿ ಒಂದು ದಿನದ ಟ್ರಿಪ್ ಗೊತ್ತಾದಾಗ ಪಟ್ಟಿ ಬರೆದು ಗೋಡೆಗೆ ಅಂಟಿಸಿದವಳೂ ನಾನೇ. ಮುಂಜಾನೆ ಕಿತ್ತೂರು ಕೋಟೆ, ಮಧ್ಯಾಹ್ನ ಸವದತ್ತಿ ಹತ್ತಿರದ ಅಣೆಕಟ್ಟು, ಇಳಿಹೊತ್ತಿಗೆ ತೊರಗಲ್ ಕೋಟೆ, ರಾಮದುರ್ಗದಲ್ಲಿ ಚಹಾ ಕುಡಿದು ವಾಪಸ್.

ನನ್ನ ಬೆಂಚಿನ ಗೆಳತಿ ಆ ವಾರದಲ್ಲಿ ನಾಲ್ಕು ಸಲ ಕೇಳಿದ್ದಳು, "ತೊರಗಲ್ಲಿಗೆ ಖರೇನ ಹೋಗ್ತೀವಲ್ಲ?"

"ಯಾಕ, ಅಲ್ಲಿ ನಿನಗ ವರ ನೋಡ್ಯಾರೇನ?" ಎಂದು ಎಲ್ಲರಿಗೂ ಕೇಳುವಂತೆ ಅಂದೆ. ಹುಡುಗಿಯರೆಲ್ಲ ನಕ್ಕರು. ಅವಳೂ ನಕ್ಕಳು.

ಆಮೇಲೆ ನನಗೆ ತಿಳಿದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಮುಚ್ಚಿಟ್ಟು ಕಥೆ ಕಟ್ಟುವ ವಿಷಯವಲ್ಲ ಇದು. ಅವಳ ಅಕ್ಕನನ್ನು ತೊರಗಲ್ಲಿಗೆ ಕೊಟ್ಟಿದ್ದರು. ಮದುವೆಯಲ್ಲಿ ಆಯೇರಿಯಾಗಿ ಕೊಟ್ಟ ಸೀರೆಗಳು ಹಗುರಾದವೆಂದು ಬೀಗರು ಆಡಿಕೊಂಡರು, ಅವಳ ಅಪ್ಪ ಹಂದರದಲ್ಲೇ ಎದ್ದು ನಿಂತು ಎರಡು ಮಾತು ಹೆಚ್ಚು ಆಡಿದರು. ಅಂದಿನಿಂದ ಹೋಗಿಬರುವುದು ಬಂದ್. ಅಕ್ಕನಿಗೆ ಏಳು ತಿಂಗಳು ತುಂಬಿದರೂ ಅವರು ಕಳಿಸಲಿಲ್ಲ, ಇವರು ಕರೆಯಲಿಲ್ಲ. ಬಸುರಿ ಮಗಳಿಗೆ ತವರಿನ ಬುತ್ತಿ ಮುಟ್ಟಿಸಬೇಕು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂದು ಮುದುಕಿಯರು ಹೆದರಿಸುತ್ತಾರೆ. ಅವಳ ಅವ್ವ ಗಂಡನ ಕಣ್ಣು ತಪ್ಪಿಸಿ ಒಂದು ದಾರಿ ಹುಡುಕಿದರು. ಊರೂರು ತಿರುಗುವ ಬಳೆಗಾರ್ತಿಯ ಕೈಲಿ ಹಿರಿಮಗಳಿಗೆ ಹೇಳಿಕಳಿಸಿದರು: ಇಂಥ ದಿನ ಇಳಿಹೊತ್ತಿಗೆ ಸಾಲೆಯ ಬಸ್ಸು ಕೋಟೆಗೆ ಬರುತ್ತದೆ, ಅಗಸಿಯ ಬಾಗಿಲ ಹತ್ತಿರ ನಿಂತಿರು, ತಂಗಿ ಬುತ್ತಿ ತರುತ್ತಾಳೆ. ನಮ್ಮ ಅಕ್ಕೋರ ಗಂಡನಿಗೂ ಅವಳ ಅಪ್ಪನಿಗೂ ಕೂತು ಮಾತಾಡುವ ಸಲಿಗೆ ಇದ್ದುದರಿಂದ, ಯಾರೆದುರೂ ಬಾಯಿ ಬಿಡಬೇಡ ಎಂದು ಗೆಳತಿಯಿಂದ ಆಣೆ ಮಾಡಿಸಿಕೊಂಡಿದ್ದರು.

ಕಿತ್ತೂರಿಗೆ ಇನ್ನೂ ಎರಡು ಮೈಲಿ ಇರುವಾಗ ಎಂ.ಕೆ. ಹುಬ್ಬಳ್ಳಿ ಕಡೆ ಹೊರಟಿದ್ದ ಕಬ್ಬಿನ ಟ್ರಾಲಿಯೊಂದು ರಸ್ತೆಗೆ ಅಡ್ಡ ಬಿದ್ದಿತ್ತು. ಹಿಂದೆ ಮುಂದೆ ಗಾಡಿಗಳ ಸಾಲು. ಚೆಲ್ಲಿದ ಕಬ್ಬು ಮುರಿದುಕೊಂಡು ನಾವು ಮೂರು ತಾಸು ಜಗಿದೆವು, ಹಾಡಿದೆವು. ಗೆಳತಿ ಮಾತ್ರ ತೊಡೆಯ ಮೇಲೆ ದೊಡ್ಡದೊಂದು ಸ್ಟೀಲ್ ಡಬ್ಬಿಯನ್ನು ಅರಿವೆಯಲ್ಲಿ ಕಟ್ಟಿಟ್ಟುಕೊಂಡು ಬಸ್ಸಿನಿಂದ ಇಳಿಯಲೇ ಇಲ್ಲ. ಡ್ರೈವರನನ್ನು ಪದೇ ಪದೇ ಟೈಮ್ ಕೇಳಿ ಬೈಸಿಕೊಂಡಳು.

ಕೋಟೆ ನೋಡಿ ಅಣೆಕಟ್ಟಿಗೆ ಬರುವಷ್ಟರಲ್ಲಿ ನಾಲ್ಕು ಹೊಡೆದಿತ್ತು. ಯಾರೂ ಉಂಡಿರಲಿಲ್ಲ. ಅಕ್ಕೋರು ತಲೆ ಮೇಲೆ ಕೈ ಹೊತ್ತು ಕೂತರು. "ತೊರಗಲ್ಲಿಗೆ ಹೋದರ ಕತ್ತಲಾಕ್ಕೈತಿ. ಏನ ಮಾಡೂಣ?"

ಕೈ ಎತ್ತಿದವಳು ನಾನು. "ತೊರಗಲ್ ಬಿಟ್ಟಬಿಡೂಣ್ರಿ ಅಕ್ಕೋರ. ಇಲ್ಲೇ ಉಂಡು, ಹೊತ್ತು ಮುಣುಗೂತನಕ ಆಡಿ ಹೋಗೂಣು."

"ಅಕ್ಕೋರ, ಐದ ಮಿಂಟ ಹೋಗಿ ಬಂದರ ಸಾಕ್ರಿ," ಎಂದಳು ಗೆಳತಿ.

"ಕಲ್ಲು ನೋಡಾಕ ಅಷ್ಟ ದೂರ ಯಾಕವಾ? ಮುಂಜಾನೆ ನೋಡೇವಲ್ಲ, ಎಲ್ಲಾ ಕೋಟಿನೂ ಒಂದ!" ಎಂದೆ. ಎಲ್ಲರೂ ಚಪ್ಪಾಳೆ ಹೊಡೆದರು. ಅಕ್ಕೋರು ನನ್ನ ಬೆನ್ನು ತಟ್ಟಿ, "ಕಾಲಕ್ಕ ತಕ್ಕ ಕೋಲ ಅಂತಾರಲ್ಲ, ಹಿಂಗಿರಬೇಕು ನೋಡ್ರಿ. ಹೊಂದಿಕೊಂಡು ಹೋಗೂದು ಈಕಿ ಕಡೆಯಿಂದ ಕಲೀರಿ," ಎಂದರು. ನಾನು ಉಬ್ಬಿಹೋದೆ.

ಆ ಹೊಗಳಿಕೆ ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ. ಹೊಂದಿಕೊಳ್ಳುವುದು ನನಗೇನು ಕಷ್ಟವಿತ್ತು? ತೊರಗಲ್ಲಿನಲ್ಲಿ ನನ್ನ ದಾರಿ ಕಾಯುತ್ತ ಯಾರೂ ನಿಂತಿರಲಿಲ್ಲ.

ನಮ್ಮ ಟ್ರಿಪ್ಪುಗಳಲ್ಲಿ ಯಾರೂ ತಂತಮ್ಮ ಬುತ್ತಿ ತಾವೇ ತಿನ್ನುವಂತಿಲ್ಲ. ಜಮಖಾನೆ ಹಾಸಿ, ಎಲ್ಲರ ಗಂಟು ಬಿಚ್ಚಿ, ನಡುವೆ ಸುರಿದು ಹಂಚಿ ತಿನ್ನಬೇಕು. ಗೆಳತಿ ತನ್ನ ಪಾಲಿನ ನಾಲ್ಕು ರೊಟ್ಟಿ ತಂದಿಟ್ಟಳು, ಡಬ್ಬಿ ಮಾತ್ರ ಬೆನ್ನ ಹಿಂದೆ ಸರಿಸಿದಳು. ನನ್ನ ಕಣ್ಣು ಬಿಡಬೇಕಲ್ಲ! "ಒಬ್ಬಾಕಿನ ತಿನ್ನಾಕ ಬಚ್ಚಿಟ್ಟಾಳ ನೋಡ್ರಿ ಅಕ್ಕೋರ," ಎಂದು ಕೂಗಿದೆ. ಅಕ್ಕೋರು ನಗುತ್ತ, "ಹಂಚಿ ಉಣಬೇಕವಾ, ತಗಿ," ಎಂದರು. ಅವಳು ನನ್ನನ್ನೊಮ್ಮೆ, ಅಕ್ಕೋರನ್ನೊಮ್ಮೆ ನೋಡಿದಳು. ಅರಿವೆಯ ಗಂಟನ್ನು ಹಲ್ಲಿನಿಂದ ಕಚ್ಚಿ ಬಿಚ್ಚಿದವಳು ನಾನು.

ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಅಡಿಯಲ್ಲಿ ಸಾಲಾಗಿ ಶೇಂಗಾ ಹೋಳಿಗೆ. ನಲವತ್ತು ಕೈಗಳಿಗೆ ಅದು ಎಷ್ಟು ಹೊತ್ತಿನದು? ಹೋಳಿಗೆ ಮೊದಲು ಎತ್ತಿಕೊಂಡವಳು ನಾನು, ಒಂದು ಮುಗಿಸಿ ಎರಡನೆಯದಕ್ಕೆ ಕೈ ಹಾಕಿದವಳೂ ನಾನೇ. ಹೊಟ್ಟೆ ನೋವೆಂದು ಗೆಳತಿ ಏನೂ ಮುಟ್ಟಲಿಲ್ಲ.

ವಾಪಸ್ ಬರುವಾಗ ಕಿಟಕಿಗೆ ಹಣೆ ಹಚ್ಚಿ ಅಳುತ್ತಿದ್ದಳು. ಒತ್ತಾಯ ಮಾಡಿ ಕೇಳಿದಾಗ ಎಲ್ಲ ಹೇಳಿದಳು. ನನ್ನನ್ನು ಬೈಯಲಿಲ್ಲ. "ಅಕ್ಕ ಇನ್ನೂ ನಿಂತಿರತಾಳ," ಎಂದಳು, ಅಷ್ಟೇ. ಬಸ್ಸು ತಿರುಗಿಸಿ ಎಂದು ಹೇಳುವ ಧೈರ್ಯ ಆ ಲೀಡರಿಗೆ ಬರಲಿಲ್ಲ.

ನಮ್ಮಿಬ್ಬರದೂ ಒಂದೇ ಓಣಿ. ಮೂಲೆಯ ಗಿರಣಿ ಹತ್ತಿರ ನಾನು ಕಾಕು ಎಂದು ಕರೆಯುತ್ತಿದ್ದ ಅವಳ ಅವ್ವ ನಿಂತಿದ್ದರು. ಖಾಲಿ ಡಬ್ಬಿ ಇಸಿದುಕೊಂಡು, ಅಲುಗಾಡಿಸಿ ನೋಡಿ, ಮೆಲ್ಲಗೆ ಕೇಳಿದರು, "ಉಂಡಳೇನ?"

"ಉಂಡಳವ್ವಾ."

"ನಿನ್ನ ಮುಂದನ?"

"ಹೂಂ. ಹೋಳಿಗಿ ಮೊದಲ ತಿಂದಳು. ಒಂದ ಮುಗಿಸಿ ಮತ್ತೊಂದಕ್ಕ ಕೈ ಹಾಕಿದಳು."

ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು ನಕ್ಕರು. ನಾನು ಪಕ್ಕದಲ್ಲೇ ಇದ್ದೆ.

ಆ ಸುಳ್ಳು ಎಂಟು ದಿನ ಬಾಳಿತು. ಬಳೆಗಾರ್ತಿ ಬಂದು ಇದ್ದದ್ದು ಹೇಳಿದಳು. ಅಕ್ಕ ದೀಪ ಹಚ್ಚುವತನಕ ಅಗಸಿಯ ಕಟ್ಟೆಯ ಮೇಲೆ ಕೂತಿದ್ದಳಂತೆ. ಹುಡುಕಿಕೊಂಡು ಬಂದ ಅತ್ತೆಗೆ ಸಂಶಯ ಬಂದು, ಮಾತಿಗೆ ಮಾತು ಬೆಳೆದು, ಬಳೆಗಾರ್ತಿಯೂ ಇನ್ನು ಆ ಹೊಸ್ತಿಲು ತುಳಿಯುವಂತಿಲ್ಲ ಎಂದಾಯಿತು. ಇದ್ದ ಒಂದು ಎಳೆಯೂ ಹರಿದುಹೋಯಿತು.

ನನಗೆ ತಡೆಯಲಾಗಲಿಲ್ಲ. ಅವರ ಮನೆಗೆ ಹೋದೆ. ಅವ್ವ ಒಬ್ಬರೇ ಜೋಳ ಹಸನು ಮಾಡುತ್ತ ಕೂತಿದ್ದರು. ನಿಂತೇ ಎಲ್ಲ ಒದರಿಬಿಟ್ಟೆ: ತೊರಗಲ್ ಬಿಡಿಸಿದ್ದು, ಗಂಟು ಬಿಚ್ಚಿದ್ದು, ತಿಂದದ್ದು. ಅವರು ಮೊರ ಕೆಳಗಿಟ್ಟು ಕೇಳಿದರು.

"ಇರಲಿ ಬಿಡವಾ. ನಿನಗೇನ ಗೊತ್ತಿತ್ತು," ಎಂದರು. ಮತ್ತೆ ಮೊರ ಎತ್ತಿಕೊಂಡು ನಾಲ್ಕು ಹರಳು ಆರಿಸಿದರು. ನಾನು ಹೊರಡಲು ತಿರುಗಿದಾಗ ತಲೆ ಎತ್ತದೆಯೇ ಕೇಳಿದರು:

"ಹೋಳಿಗಿಗೆ ಬೆಲ್ಲ ಸಾಕಾಗಿತ್ತೇನ? ಆಕಿಗೆ ಸಿಹಿ ಒಂದೀಟ ಜಾಸ್ತಿನ ಬೇಕ."

"ಸಾಕಾಗಿತ್ರಿ ಕಾಕು," ಎಂದೆ.