ಒಂದು ಸುತ್ತು, ಎರಡು ಸುತ್ತು

ಸೊಂಟದ ಪಟ್ಟಿಯನ್ನು ಒಂದು ಸುತ್ತು ಸುತ್ತಿ ಕಟ್ಟಬೇಕೋ ಎರಡು ಸುತ್ತು ಸುತ್ತಿ ಕಟ್ಟಬೇಕೋ ಎಂಬುದು ಲೋಕದ ಮಹಾಪ್ರಶ್ನೆಗಳಲ್ಲಿ ಒಂದಲ್ಲ ಎಂದು ನಾನೂ ಒಪ್ಪುತ್ತೇನೆ. ಆದರೆ ಐವತ್ತೆರಡರ ವಯಸ್ಸಿನಲ್ಲಿ, ಸೊಂಟ ಎಲ್ಲಿ ಮುಗಿದು ಹೊಟ್ಟೆ ಎಲ್ಲಿ ಆರಂಭವಾಗುತ್ತದೆ ಎಂಬುದೇ ವಿವಾದಾಸ್ಪದವಾಗಿರುವ ನನ್ನಂಥವನು ದಿನಾ ಬೆಳಿಗ್ಗೆ ಕೈಯಲ್ಲಿ ಪಟ್ಟಿ ಹಿಡಿದು ಕನ್ನಡಿಯ ಮುಂದೆ ಒಂದು ಗಳಿಗೆ ತಡೆದು ನಿಲ್ಲುವುದನ್ನು ಕಂಡು ನನ್ನ ಹೆಂಡತಿ, "ಲಗೂನ ಕಟ್ಕೋರಿ, ಕನ್ಯಾ ನೋಡಾಕ ಹೊಂಟಾವರಂಗ ನಿಂತೀರಿ" ಎನ್ನುತ್ತಾಳೆ. ಹಾಗೆ ನಿಲ್ಲುವುದಕ್ಕೆ ಕಾರಣ ಬಾಬಾಜಾನ ಮಾಸ್ತರರು. ಅವರ ವಿಷಯ ಹೇಳದೆ ಈ ಪಟ್ಟಿಯ ವಿಷಯ ಹೇಳಲು ಬರುವುದಿಲ್ಲ.

ಪಟ್ಟಿ ಎಂದರೆ ಟೇಕ್ವಾಂಡೋ ಕಲಿಯುವವರು ಬಿಳಿ ಅಂಗಿಯ ಮೇಲೆ ಕಟ್ಟುವ ಬೆಲ್ಟು. ಮಿಶ್ರಿಕೋಟಿ ಕಡೆಯ ಹೈಸ್ಕೂಲೊಂದರಲ್ಲಿ ಷಟ್ಪದಿಗೆ ಪ್ರಸ್ತಾರ ಹಾಕಿಸಿ ಹೊಟ್ಟೆ ಹೊರೆಯುವ ಕನ್ನಡ ಶಿಕ್ಷಕನಿಗೆ ಕೊರಿಯಾ ದೇಶದ ಒದೆಯುವ ವಿದ್ಯೆ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ಹೊರೆದ ಹೊಟ್ಟೆಯೇ ಕಾರಣ. ಬಾಬಾಜಾನ ಮಾಸ್ತರರು ಕಲಘಟಗಿಯಲ್ಲಿ ನನ್ನ ಬಟ್ಟೆ ಹೊಲಿಯುವ ಟೇಲರು. ನನ್ನ ದೇಹದ ಚರಿತ್ರೆ ಡಾಕ್ಟರಿಗಿಂತ ಅವರ ಟೇಪಿಗೆ ಚೆನ್ನಾಗಿ ಗೊತ್ತು. ಎಂಟು ವರ್ಷದ ಹಿಂದೆ ನಾನು ಒಂದು ಪ್ಯಾಂಟನ್ನು ಮೂರನೆಯ ಸಲ ಸಡಿಲ ಮಾಡಿಸಲು ಒಯ್ದಾಗ ಅವರು ಅದನ್ನು ತಿರುವಿ ನೋಡಿ, "ಸರ, ಬಿಚ್ಚಿ ಹೊಲ್ಯಾಕ ಒಳಗ ಇನ್ನ ಅರಿವಿ ಉಳಿದಿಲ್ಲ. ನಾಳೆ ಮುಂಜಾನೆ ಗಿರಣಿಗೆ ಬರ್ರಿ" ಎಂದರು.

ಗಿರಣಿ ಎಂದರೆ ಅವರ ಅಂಗಡಿಯ ಹಿಂದಿನ ಅಕ್ಕಿ ಗಿರಣಿ. ಅದರ ಸಿಮೆಂಟು ಅಂಗಳದಲ್ಲಿ, ಭತ್ತ ಒಣಗಿಸದ ದಿನಗಳಲ್ಲಿ, ಅವರು ಮಕ್ಕಳಿಗೆ ಟೇಕ್ವಾಂಡೋ ಕಲಿಸುತ್ತಿದ್ದರು. ಹರೆಯದಲ್ಲಿ ಪುಣೆಯಲ್ಲಿ ಹೊಲಿಗೆ ಕೆಲಸಕ್ಕಿದ್ದಾಗ, ಅಂಗಿ ಹೊಲಿಸಲು ಬಂದ ಗುರುವೊಬ್ಬರಿಂದ ಕಲಿತ ವಿದ್ಯೆ ಅದು. ಹತ್ತು ವರ್ಷದ ಮಕ್ಕಳ ಸಾಲಿನಲ್ಲಿ ನಾನು ಹೋಗಿ ನಿಂತಾಗ ಗಿರಣಿಯ ಹಮಾಲರು ಚೀಲ ಇಳಿಸಿ ನೋಡಿದರು. ಮಾಸ್ತರರು ಮಾತ್ರ ನಗಲಿಲ್ಲ. ಅವರ ಪದ್ಧತಿಯಲ್ಲಿ ಪ್ರತಿ ಹೆಜ್ಜೆಗೂ ಮೊಣಕಾಲು ಸಡಿಲಿಸಿ ಮೈ ಇಳಿಯಬೇಕು, ಏಳಬೇಕು, ಮತ್ತೆ ಇಳಿಯುವ ಹೊತ್ತಿಗೆ ಸರಿಯಾಗಿ ಗುದ್ದು ಬೀಳಬೇಕು. "ತೊಟ್ಟಿಲಾ ತೂಗಿದಂಗ್ರಿ ಸರ. ಕಲಘಟಗಿಯಾವರಿಗೆ ಇದನ್ನ ಬ್ಯಾರೆ ಹೇಳಬೇಕೇನ್ರಿ?" ಎನ್ನುತ್ತಿದ್ದರು; ನಮ್ಮ ಊರು ಬಣ್ಣದ ತೊಟ್ಟಿಲಿಗೆ ಹೆಸರಾದದ್ದು. ಮೊದಲ ದಿನ ಬೆಲ್ಟನ್ನು ತಾವೇ ನನ್ನ ಸೊಂಟಕ್ಕೆ ಒಂದೇ ಸುತ್ತು ಸುತ್ತಿ ಗಂಟು ಹಾಕಿ, "ಒಂದ ಸುತ್ತು ಅಂದ್ರ ಹಾದಿ ಒಂದು, ಗುರು ಒಬ್ಬ" ಎಂದಿದ್ದರು. ನಾನು ಭಕ್ತಿಯಿಂದ ತಲೆಯಾಡಿಸಿದ್ದೆ. ತಲೆಯಾಡಿಸುವುದು ನನಗೆ ಯಾವತ್ತೂ ಸುಲಭ.

ನಾಲ್ಕು ವರ್ಷ ಕಲಿತು, ಕಲಿತದ್ದನ್ನು ನಮ್ಮ ಶಾಲೆಯ ಹುಡುಗಿಯರಿಗೂ ದಾಟಿಸಿ, ಅವರನ್ನು ಶಾಲಾ ಕ್ರೀಡಾಕೂಟಕ್ಕೆ ಕರೆದೊಯ್ದೆ. ಅಲ್ಲಿ ನಮ್ಮ ಎಂಟನೆಯ ತರಗತಿಯ ಹುಡುಗಿಯೊಬ್ಬಳು, ನಾವು ಕಲಿಸಿದಂತೆಯೇ ಅಚ್ಚುಕಟ್ಟಾಗಿ, ಎದುರಾಳಿಯ ಮುಖಕ್ಕೆ ಮುಷ್ಟಿ ತಾಗಿಸಿದಳು. ಪಂಚರು ಅಂಕ ಕಳೆದರು. ಅವಳು ಇನ್ನೂ ಅಚ್ಚುಕಟ್ಟಾಗಿ ಮತ್ತೊಮ್ಮೆ ತಾಗಿಸಿದಳು. ಟೇಕ್ವಾಂಡೋದಲ್ಲಿಯೂ ಪಾಲಾದ ಅಣ್ಣತಮ್ಮಂದಿರಂತೆ ಎರಡು ಮನೆಗಳಿವೆ ಎಂದು ನನಗೆ ತಿಳಿದದ್ದು ಅವತ್ತು. ಹೆಸರು ಒಂದೇ, ಒಕ್ಕಲು ಬೇರೆ. ಒಂದರಲ್ಲಿ ಮುಖಕ್ಕೆ ಗುದ್ದಬಹುದು, ಇನ್ನೊಂದರಲ್ಲಿ ಕೂಡದು. ಒಂದರಲ್ಲಿ ಮೊಣಕಾಲು ಬಗ್ಗಿ ಏಳಬೇಕು, ಇನ್ನೊಂದರಲ್ಲಿ ಮೈ ನೆಟ್ಟಗಿಟ್ಟು ನಡೆಯಬೇಕು. ಒಂದರಲ್ಲಿ ಬೆಲ್ಟಿಗೆ ಒಂದು ಸುತ್ತು, ಇನ್ನೊಂದರಲ್ಲಿ ಎರಡು. ಕ್ರೀಡಾಕೂಟದವರು ಒಪ್ಪುವುದು ಆ ಇನ್ನೊಂದನ್ನು. ಮರಳಿ ಬರುವ ಬಸ್ಸಿನಲ್ಲಿ ಆ ಹುಡುಗಿ ನನ್ನ ಕಡೆ ನೋಡಲೇ ಇಲ್ಲ. "ಲೆಕ್ಕಕ್ಕೆ ಬರೂದನ್ನ ಕಲೀರಲ್ಲ" ಎಂದರು ನಮ್ಮ ಹೆಡ್ಮಾಸ್ತರರು. ಮಕ್ಕಳಿಗಾಗಿ ಎಂದು ನಾನು ಹೇಳಿಕೊಂಡೆ. ಎಲ್ಲರೂ ಒಪ್ಪುವ ಸರ್ಟಿಫಿಕೇಟಿಗೆ ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವ ಆಸೆಯೂ ಒಳಗೆ ಇತ್ತು ಎಂಬುದನ್ನು ಇಲ್ಲಿ ನಿಮಗೊಬ್ಬರಿಗೇ ಹೇಳುತ್ತಿದ್ದೇನೆ.

ಹೀಗೆ ಪ್ರತಿ ಭಾನುವಾರ ಹುಬ್ಬಳ್ಳಿಯ ಬಸ್ಸು ಹತ್ತಿದೆ. ಅಲ್ಲಿ ಮತ್ತೆ ಹೊಸಬರ ಬಿಳಿ ಬೆಲ್ಟು, ಮತ್ತೆ ಕೊನೆಯ ಸಾಲು. ಕಲಿಸುವವಳು ನನ್ನ ಹಳೆಯ ವಿದ್ಯಾರ್ಥಿನಿಯಾಗಿರಬಹುದಾದ ವಯಸ್ಸಿನ ಹುಡುಗಿ. ಎರಡನೆಯ ವಾರ ಅವಳು ಬಹಳ ವಿನಯದಿಂದ, "ಸರ್, ನೀವು ಹೆಜ್ಜಿ ಹೆಜ್ಜಿಗೂ ಬಗ್ಗಿ ಯಾರಿಗೆ ನಮಸ್ಕಾರ ಮಾಡ್ತೀರಿ?" ಎಂದು ಕೇಳಿದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಯಾರಿಗೆ ಎಂಬುದು ನನಗೆ ಗೊತ್ತಿತ್ತು. ಮನೆಗೆ ಬಂದವನೇ ಪಡಸಾಲೆಯ ಉದ್ದಕ್ಕೂ ನನ್ನ ನೆತ್ತಿಯ ಎತ್ತರಕ್ಕೆ ಒಂದು ದಾರ ಬಿಗಿದೆ. ಕೂದಲು ದಾರಕ್ಕೆ ತಾಗುತ್ತಲೇ ಇರುವಂತೆ ಅದರ ಕೆಳಗೆ ನಡೆಯುವುದು ಅಭ್ಯಾಸ; ಮೊಣಕಾಲು ಬಗ್ಗಿತೋ, ದಾರ ತಪ್ಪಿತು. ಹೆಂಡತಿ ಅದರ ಮೇಲೆ ಟವೆಲ್ಲು ಒಣಹಾಕಿದಳು. ನಾನು ಟವೆಲ್ಲಿನ ಕೆಳಗೆ ವರ್ಷಗಟ್ಟಲೆ ನಡೆದೆ.

ಮಾಸ್ತರರಿಗೆ ಹೇಳಲಿಲ್ಲ. ಮೊದಲು ಪರೀಕ್ಷೆಯ ನೆಪ, ಆಮೇಲೆ ಮತದಾರರ ಪಟ್ಟಿಯ ನೆಪ, ಆಮೇಲೆ ಯಾರದೋ ಮದುವೆಯ ನೆಪ ಹೇಳಿ ಗಿರಣಿಗೆ ಹೋಗುವುದನ್ನು ಬಿಟ್ಟೆ. ಇಷ್ಟೆಲ್ಲ ಜಾಣತನ ಮಾಡಿದವನು ಮುಂದೆ ಮಾಡಿದ ದಡ್ಡತನವನ್ನು ಕೇಳಿ. ಹೊಸ ಪದ್ಧತಿಗೆ ಬೇರೆ ಅಂಗಿ ಬೇಕು, ಎದೆ ಮುಚ್ಚಿ ತಲೆಯ ಮೇಲಿಂದ ತೊಡುವಂಥದು. ಹುಬ್ಬಳ್ಳಿಯ ಅಂಗಡಿಯಲ್ಲಿ ನನ್ನ ಹೊಟ್ಟೆಯ ಸೈಜು ಸಿಗಲಿಲ್ಲ. ಬಿಳಿ ಬಟ್ಟೆ ಕೊಂಡು, ಇಪ್ಪತ್ತು ವರ್ಷದ ರೂಢಿಯಂತೆ, ಏನೂ ಯೋಚಿಸದೆ ನಡೆದದ್ದು ಬಾಬಾಜಾನ ಮಾಸ್ತರರ ಅಂಗಡಿಗೆ. ಅವರು ಟೇಪು ಹಿಡಿದು ನನ್ನ ಎದೆ ಸುತ್ತುತ್ತಿರುವಾಗ, "ಕೊಳ್ಳ ವಿ ಆಕಾರ ಇರಲಿ, ಮುಂದ ಬಿಚ್ಚೂ ಹಂಗ ಬ್ಯಾಡ್ರಿ" ಎಂದುಬಿಟ್ಟೆ. ಟೇಪು ಒಂದು ಕ್ಷಣ ನಿಂತಿತು. ಆಮೇಲೆ ಅವರು ಚೀಟಿಯಲ್ಲಿ ಅಳತೆ ಬರೆದುಕೊಂಡು, "ಗುರುವಾರ ಬರ್ರಿ" ಎಂದರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಗುರುವಾರ ಬಟ್ಟೆ ಸಿದ್ಧವಾಗಿತ್ತು. ಎಲ್ಲ ಕಡೆ ಅಳತೆಗೆ ಸರಿಯಾಗಿ ಕೂತಿತ್ತು, ಪ್ಯಾಂಟಿನ ಮೊಣಕಾಲು ಮಾತ್ರ ಸಡಿಲ. "ಅಲ್ಲಿ ಎರಡ ಇಂಚ ಹೆಚ್ಚಿಗಿ ಬಿಟ್ಟೀನ್ರಿ ಸರ. ನೀವೇನು ಬಗ್ಗೂದು ಬಿಡಾವರಲ್ಲ" ಎಂದು ನಕ್ಕರು. ಆ ನಗೆಯಲ್ಲಿ ಸಿಟ್ಟಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ಶಾಲೆಯ ಸರನೇ ಗಿರಣಿ ಬಿಟ್ಟ ಮೇಲೆ ಮಕ್ಕಳು ನಿಲ್ಲುವರೇ? ಸರ ಹುಬ್ಬಳ್ಳಿಗೆ ಹೋದರಂತೆ ಎಂದು ಒಂದೊಂದು ಮನೆಯವರೂ ತಮ್ಮ ಮಕ್ಕಳನ್ನು ಹೊಸ ಪದ್ಧತಿಗೆ ಹಾಕಿದರು. ಅವರೆಲ್ಲರ ವಿ ಕೊಳ್ಳಿನ ಅಂಗಿಗಳನ್ನೂ ಬಾಬಾಜಾನ ಮಾಸ್ತರರೇ ಹೊಲಿದರು. ಊರಲ್ಲಿ ಅಷ್ಟು ಚೆನ್ನಾಗಿ ಹೊಲಿಯುವವರು ಬೇರೆ ಯಾರೂ ಇರಲಿಲ್ಲ. ಕೊನೆಗೆ ಗಿರಣಿಯ ಅಂಗಳದಲ್ಲಿ ಉಳಿದವಳು ಅವರ ಮಗಳು ರೇಷ್ಮಾ ಒಬ್ಬಳೇ. ಗಿರಣಿಯವರು ಆಮೇಲೆ ವಾರದ ಎಲ್ಲ ದಿನವೂ ಅಲ್ಲಿ ಭತ್ತ ಹರವತೊಡಗಿದರು.

ಕಳೆದ ಚಳಿಗಾಲದಲ್ಲಿ ಅವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಈಗ ಮಷೀನಿನ ಮೇಲೆ ಕೂರುವವಳು ರೇಷ್ಮಾ. ಅವರು ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಾರೆ. ಆ ರಸ್ತೆ ತಪ್ಪಿಸಲು ನಾನು ಎರಡು ತಿಂಗಳು ಸಂತೆಯ ಓಣಿ ಬಳಸಿ ಬಸ್‌ಸ್ಟ್ಯಾಂಡಿಗೆ ಹೋದೆ. ನಾಚಿಕೆಯೇ, ಬೇರೇನಲ್ಲ. ಅಷ್ಟರಲ್ಲಿ ನನ್ನ ಸರ್ಟಿಫಿಕೇಟು ಬಂದಿತ್ತು, ಚೌಕಟ್ಟೂ ಆಗಿತ್ತು. ಅದನ್ನು ನೋಡಿದಾಗಲೆಲ್ಲ ಆ ಕುರ್ಚಿ ನೆನಪಾಗುತ್ತಿತ್ತು.

ಒಂದು ಮುಂಜಾನೆ ಧೈರ್ಯ ಮಾಡಿ, ಅವರು ಹೊಲಿದ ಬಟ್ಟೆಯನ್ನೇ ತೊಟ್ಟು, ಬೆಲ್ಟು ಕಿಸೆಯಲ್ಲಿಟ್ಟುಕೊಂಡು ಹೋದೆ. ತಪ್ಪಾಯಿತು ಎನ್ನುವ ಬದಲಿಗೆ, "ಮಾಸ್ತರ, ನೀವು ಕಲಿಸಿದ ಮೊದಲನೇ ಪಾಠ ಮಾಡಿ ತೋರಸ್ತೀನ್ರಿ" ಎಂದೆ. ರೇಷ್ಮಾ ತೋಳು ಹಿಡಿದು ಅವರನ್ನು ಅಂಗಳಕ್ಕೆ ಕರೆತಂದಳು. ಭತ್ತದ ಪಕ್ಕದಲ್ಲಿ ಉಳಿದ ಜಾಗದಲ್ಲಿ ನಿಂತು ಬೆಲ್ಟು ಒಂದೇ ಸುತ್ತು ಕಟ್ಟಿದೆ. ತುದಿಗಳೆರಡೂ ಮೊಣಕಾಲಿನವರೆಗೆ ಜೋತುಬಿದ್ದವು. ಆಕಾಶ, ಭೂಮಿ ಎಂಬ ಅರ್ಥದ ಹೆಸರಿನ ಪಾಠ ಅದು. ನಾಲ್ಕು ದಿಕ್ಕಿಗೂ ತಿರುಗಿ, ತಡೆದು, ಗುದ್ದಿ, ಹೊರಟ ಜಾಗಕ್ಕೇ ಬಂದು ನಿಲ್ಲಬೇಕು.

ಮೊದಲ ಹೆಜ್ಜೆಯಲ್ಲೇ ಗೊತ್ತಾಯಿತು: ಮೊಣಕಾಲು ಬಗ್ಗುತ್ತಿಲ್ಲ. ಬಗ್ಗು ಎಂದು ಒಳಗೇ ಹೇಳಿಕೊಂಡೆ, ಬೇಡಿಕೊಂಡೆ. ತಲೆಯ ಮೇಲೆ ದಾರ ಇರಲಿಲ್ಲ, ಆದರೂ ಕೂದಲು ಅದೇ ಎತ್ತರದಲ್ಲಿ ಸಾಗಿತ್ತು. ಕೆಲವು ಹೆಜ್ಜೆ ಹಳೆಯ ಉದ್ದ, ಕೆಲವು ಹೊಸ ಗಿಡ್ಡ. ಮುಗಿಸಿ ನೋಡಿದರೆ ಹೊರಟ ಜಾಗದಿಂದ ಒಂದು ಮೊಳ ಆಚೆ, ಒಂದು ಕಾಲು ಭತ್ತದಲ್ಲಿ ನಿಂತಿದ್ದೆ.

"ಚಲೋ ಕಲಿಸ್ಯಾರ್ರಿ ಅವರು" ಎಂದರು ಮಾಸ್ತರರು, ಮಾತು ತುಸು ತೊದಲಿತು. ವ್ಯಂಗ್ಯವಲ್ಲ; ಬೇರೆ ಟೇಲರಿನ ಕೆಲಸವನ್ನು ಕೈಯಲ್ಲಿ ಹಿಡಿದು ಮೆಚ್ಚುವಾಗಲೂ ಅವರದು ಇದೇ ದನಿ. ಆಮೇಲೆ ಎಡಗೈಯಿಂದ ನನ್ನನ್ನು ಹತ್ತಿರ ಕರೆದು, ಮೊಣಕಾಲಿನ ಸಡಿಲ ಬಟ್ಟೆಯನ್ನು ಎರಡು ಬೆರಳಲ್ಲಿ ಚಿವುಟಿ ಹಿಡಿದು ಮಗಳಿಗೆ ಹೇಳಿದರು: "ರೇಷ್ಮಾ, ಸರ್‍ದು ಇದನ್ನ ಹಿಡದು ಹೊಲದ ಬಿಡವಾ. ಇನ್ನ ಬೇಕಾಗಾಂಗಿಲ್ಲ."

"ಇರಲಿ ಬಿಡ್ರಿ ಮಾಸ್ತರ" ಎಂದೆ. ರೇಷ್ಮಾ ನನ್ನ ಕಾಲಿನ ಭತ್ತ ಝಾಡಿಸಿಕೊಳ್ಳಲು ಒಂದು ಹಳೆಯ ಅರಿವೆ ಕೊಟ್ಟಳು.

ಪಡಸಾಲೆಯ ದಾರವನ್ನು ಅವತ್ತೇ ಬಿಚ್ಚಿದೆ. ಟವೆಲ್ಲು ಎಲ್ಲಿ ಒಣಹಾಕಲಿ ಎಂದು ಹೆಂಡತಿ ಕೇಳಿದಳು. ಪ್ಯಾಂಟು ಮೊಣಕಾಲಿನಲ್ಲಿ ಜೋತುಬೀಳುತ್ತದೆ, ಸರಿ ಮಾಡಿಸಿ ಎಂದು ಈಗಲೂ ಹೇಳುತ್ತಾಳೆ. ನಿನ್ನೆ ಬೆಳಿಗ್ಗೆ ಕನ್ನಡಿಯ ಮುಂದೆ ಪಟ್ಟಿಯನ್ನು ಒಂದೇ ಸುತ್ತು ಕಟ್ಟಿ, ಒಂದು ಹೆಜ್ಜೆ ಇಟ್ಟು ನೋಡಿದೆ. ಎರಡು ಇಂಚು ಬಟ್ಟೆ ಕಾಯುತ್ತಿತ್ತು, ಮೊಣಕಾಲು ಬಗ್ಗಲಿಲ್ಲ. ಶಾಲೆಯ ಹುಡುಗಿಯರು ಸಾಲಾಗಿ ನಿಂತಿರುತ್ತಾರೆ, ಹೊತ್ತಾಗಿತ್ತು. ಗಂಟು ಬಿಚ್ಚಿ, ಎರಡು ಸುತ್ತು ಸುತ್ತಿ ಕಟ್ಟಿಕೊಂಡು ಬಸ್ಸಿಗೆ ನಡೆದೆ.