ಪೈಪಿನ ಮೇಲಿನ ಲೆಕ್ಕ

ಸಿಗಡಿ ಕಾರ್ಖಾನೆಯಲ್ಲಿ ಗಂಟಕ್ಕನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಒಗಟು ಹಾಕಿ ಎದುರಿಗಿದ್ದವರ ತಲೆಗೆ ಗಂಟು ಬಿಗಿದು, ತಾನು ಏನೂ ಅರಿಯದವಳಂತೆ ಕೂತುಬಿಡುತ್ತಿದ್ದಳು. ಅದಕ್ಕೇ ಆ ಹೆಸರು. ಮೂರನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಚಿಕ್ಕಂದಿನಲ್ಲಿ ಕತ್ತಲೆ ಕಂಡರೆ ಕಿರುಚುತ್ತಿದ್ದ ಅವಳನ್ನು ಅಜ್ಜಿ ಮಗ್ಗುಲಿಗೆ ಎಳೆದುಕೊಂಡು ಒಗಟು ಕೇಳುತ್ತಾ ಮಲಗಿಸುತ್ತಿದ್ದಳು. ಒಗಟೇನೋ ಬಾಯಿಪಾಠವಾಯಿತು, ಹೆದರಿಕೆ ಹೋಗಲಿಲ್ಲ. ಇಬ್ಬರು ಮಕ್ಕಳ ತಾಯಿಯಾದ ಮೇಲೂ ಮೂಲೆಯಲ್ಲೊಂದು ಸಣ್ಣ ದೀಪ ಉರಿಯದೆ ಅವಳಿಗೆ ನಿದ್ದೆ ಹತ್ತುತ್ತಿರಲಿಲ್ಲ.

ಅವಳದು ತೂಕದ ಕೋಣೆಯ ಕೆಲಸ. ಗೆಳತಿಯರೆಲ್ಲ ಪಕ್ಕದ ಹಜಾರದಲ್ಲಿ ಸಿಗಡಿ ಸುಲಿಯುವವರು. ಮಷಿನ್ನಿನ ಗದ್ದಲದಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಕೇಳಿಸದು. ಆದರೆ ಕೋಲ್ಡ್ ರೂಮಿನಿಂದ ಹೊರಟ ಕಬ್ಬಿಣದ ಪೈಪೊಂದು ತೂಕದ ಕೋಣೆ ದಾಟಿ ಹಜಾರದ ಗೋಡೆಯುದ್ದಕ್ಕೂ ಹೋಗುತ್ತಿತ್ತು. ಕುಟ್ಟಿದರೆ ಆ ತುದಿಗೂ ಟಣ್ಣೆನ್ನುತ್ತಿತ್ತು. ಆಟ ಶುರುವಾದದ್ದು ಹಾಗೆ. ಊಟದ ಹೊತ್ತಿಗೆ ಒಬ್ಬಳು ಲೆಕ್ಕ ಹಾಕುವುದು, ಕೆಲಸದ ನಡುವೆ ಉತ್ತರ ಹೊಳೆದವಳು ಪೈಪಿನ ಮೇಲೆ ಅಷ್ಟು ಏಟು ಕುಟ್ಟುವುದು. ಲೆಕ್ಕ ಹಾಕಿದವಳು ತಿರುಗಿ ಎರಡು ಏಟು ಕೊಟ್ಟರೆ ಸರಿ, ಒಂದೇ ಕೊಟ್ಟರೆ ತಪ್ಪು. ಮೂರು ಸಲ ತಪ್ಪಿದವಳು ಆಟದಿಂದ ಹೊರಗೆ. ಆಮೇಲೆ ಅವಳು ಏನು ಕುಟ್ಟಿದರೂ ಯಾರೂ ಕಿವಿಗೊಡುವುದಿಲ್ಲ. ಸರಿ ಹೇಳಿದವಳು ಮಾತ್ರ ಕೆಲಸ ಬಿಟ್ಟ ಕೂಡಲೇ ಹಜಾರಕ್ಕೆ ಬಂದು ಬಿಡಿಸಿ ಹೇಳಬೇಕು. ಬಾರದಿದ್ದರೆ ನಾರುವ ಟಬ್ಬುಗಳನ್ನೆಲ್ಲ ಅವಳೇ ತೊಳೆಯಬೇಕು.

ಅವತ್ತು ಲೆಕ್ಕ ಹಾಕಿದವಳು ಹಜಾರದ ಕನ್ನಡಕದವಳು.

"ಕೇಳಿ ಅಕ್ಕಾ. ಒಂದು ಮನೆ ತುಂಬಾ ಮಕ್ಕಳು. ಯಾವ ಹುಡುಗೀನ ಕೇಳಿದ್ರೂ, ನಂಗೆ ಅಣ್ಣತಮ್ಮಂದಿರು ಎಷ್ಟೋ ಅಕ್ಕತಂಗೀರೂ ಅಷ್ಟೇ ಅಂತಾಳೆ. ಯಾವ ಹುಡುಗನ್ನ ಕೇಳಿದ್ರೂ, ನಂಗೆ ಅಣ್ಣತಮ್ಮಂದಿರಿಗಿಂತ ಅಕ್ಕತಂಗೀರು ಎರಡು ಪಟ್ಟು ಅಂತಾನೆ. ಒಟ್ಟು ಮಕ್ಕಳೆಷ್ಟು?"

"ಅಷ್ಟು ಹೆತ್ತವಳು ಇನ್ನೂ ಬದುಕಿದ್ದಾಳಾ ಅದನ್ನ ಹೇಳು ಮೊದ್ಲು," ಎಂದಳು ಗಂಟಕ್ಕನ ನಾದಿನಿ. ಅವಳೂ ಅಲ್ಲೇ ಸುಲಿಯುವವಳು.

"ಇವತ್ತೂ ಉತ್ತರ ನಮ್ಮ ಅತ್ತಿಗೇದೇ. ಬಿಡಿಸಿ ಹೇಳೋಕೆ ಬರ್ದಿದ್ರೆ ಟಬ್ಬೂ ಅತ್ತಿಗೇದೇ," ಎಂದು ಅವಳೇ ಸೇರಿಸಿದಾಗ ಎಲ್ಲರೂ ನಕ್ಕರು. ಗಂಟಕ್ಕ ಬಾಯಿ ತೆರೆಯುವಷ್ಟರಲ್ಲಿ ಮೇಸ್ತ್ರಿ ಕರೆದ. ಎದ್ದು ಹೋದಳು.

ಸಂಜೆ, ಕೆಲಸ ಬಿಡಲು ಸ್ವಲ್ಪ ಹೊತ್ತಿದೆ ಎನ್ನುವಾಗ, ಕೊನೆಯ ಟ್ರೇ ಇಟ್ಟು ಬರೋಣವೆಂದು ಕೋಲ್ಡ್ ರೂಮಿಗೆ ಹೊಕ್ಕಳು. ಒಂದು ನಿಮಿಷಕ್ಕೆ ಚಳಿಯ ಕೋಟು ಯಾಕೆಂದು ಅದನ್ನು ಬಾಗಿಲ ಹೊರಗಿನ ಮೊಳೆಯಲ್ಲೇ ಬಿಟ್ಟಳು. ಅತ್ತ ಬಂದ ಮೇಸ್ತ್ರಿ ತೆರೆದ ಬಾಗಿಲು ನೋಡಿ, "ಯಾವಳೋ ಬಾಗಿಲು ಹಾರು ಹೊಡೆದು ಹೋಗಿದ್ದಾಳೆ," ಎಂದು ಗೊಣಗುತ್ತಾ ದೂಡಿ ಮುಚ್ಚಿ, ಹೊರಗಿನ ಸ್ವಿಚ್ಚು ಆರಿಸಿ ನಡೆದ.

ಗವ್ವೆಂದು ಕತ್ತಲೆ ಮೈಮೇಲೆ ಬಿತ್ತು.

ತಡಕುತ್ತಾ ಬಾಗಿಲಿಗೆ ಬಂದಳು. ಒಳಗಿನಿಂದ ಒತ್ತಿ ಬಾಗಿಲು ತೆರೆಯುವ ಗುಬುಟು ಮಂಜು ಹಿಡಿದು ಕಲ್ಲಾಗಿತ್ತು. ಒತ್ತಿದಳು, ಒದ್ದಳು, ಮೇಸ್ತ್ರಿಯನ್ನು ಕೂಗಿದಳು. ದಪ್ಪ ಬಾಗಿಲು ಅವಳ ಕೂಗನ್ನೆಲ್ಲ ನುಂಗಿತು. ಮರುದಿನ ಕಾರ್ಖಾನೆಗೆ ರಜೆ. ಇಲ್ಲೇ ಸೆಟೆದು ಹೋಗುತ್ತೇನೆ, ಮಕ್ಕಳು ಬಾಗಿಲಲ್ಲಿ ಕಾಯುತ್ತಾ ಕೂತಿರುತ್ತವೆ.

ಕೈಗೆ ಐಸು ಗೋರುವ ಸಲಿಕೆ ಸಿಕ್ಕಿತು. ಹುಚ್ಚಿಯಂತೆ ಪೈಪಿಗೆ ಬಡಿದಳು. ಸುಸ್ತಾಗಿ ನಿಲ್ಲಿಸಿದಾಗ ಆ ಕಡೆಯಿಂದ ಉತ್ತರ ಬಂತು.

ಟಣ್. ಒಂದೇ ಒಂದು.

ಗಂಟಕ್ಕನಿಗೆ ಅಳುವೇ ಬಂತು. ಮತ್ತೆ ಬಡಿದಳು. ಮತ್ತೆ, ಟಣ್.

ಹಜಾರದಲ್ಲಿ ನಡೆದದ್ದನ್ನು ಆಮೇಲೆ ಅವರೇ ಹೇಳಿದರು. "ಇದೇನೇ, ನಲವತ್ತು ಮಕ್ಕಳಾ?" ಎಂದು ಕನ್ನಡಕದವಳು ಬಿದ್ದು ಬಿದ್ದು ನಕ್ಕಿದ್ದಳು. "ಗೊತ್ತಾಗ್ಲಿಲ್ಲ ಅಂತ ನಮ್ಮತ್ತಿಗೆಗೆ ಸಿಟ್ಟು. ಬಡ್ಕೊಳ್ಲಿ ಬಿಡು," ಎಂದಿದ್ದಳು ನಾದಿನಿ.

ಎರಡು ತಪ್ಪಾಗಿತ್ತು. ಇನ್ನೊಂದು ತಪ್ಪಿದರೆ ಇವಳ ಕುಟ್ಟು ಅವರಿಗೆ ಬರೀ ಸದ್ದು. ಸರಿಯಾದರೆ ಮಾತ್ರ ಬಿಡಿಸಿ ಹೇಳಲಿಲ್ಲವೆಂದು ಹುಡುಕಿಕೊಂಡು ಬಂದಾರು. ಲೆಕ್ಕ ಬಿಡಿಸದೆ ಬದುಕಿಲ್ಲ.

ಹಲ್ಲು ಕಟಕಟನೆ ಬಡಿದುಕೊಳ್ಳುತ್ತಿತ್ತು. ಮೂವರು ಹುಡುಗಿಯರು, ಮೂವರು ಹುಡುಗರು ಎಂದಿಟ್ಟುಕೊಂಡಳು. ಬೆರಳು ಮಡಚಲು ಹೋದರೆ ಬೆರಳಿರುವುದೇ ತಿಳಿಯಲಿಲ್ಲ. ಉಸಿರು ಬಿಗಿಹಿಡಿದು ಮತ್ತೆ ಎಣಿಸಿದಳು. ಹುಡುಗಿ ತನ್ನನ್ನು ಬಿಟ್ಟು ತಾನೇ ಅಕ್ಕತಂಗಿಯರನ್ನು ಎಣಿಸುವುದು? ಹಾಗಾದರೆ ಹುಡುಗಿಯರು ಒಬ್ಬಳು ಹೆಚ್ಚು. ಮೂವರು ಹುಡುಗಿಯರು, ಇಬ್ಬರು ಹುಡುಗರು? ಹುಡುಗನಿಗೆ ಒಬ್ಬ ತಮ್ಮ, ಮೂವರು ಅಕ್ಕಂದಿರು. ಮೂರು ಪಟ್ಟಾಯಿತು. ನಾಲ್ವರು ಹುಡುಗಿಯರು, ಮೂವರು ಹುಡುಗರು? ಅವನನ್ನು ಬಿಟ್ಟು ಹುಡುಗರಿಬ್ಬರು, ಹುಡುಗಿಯರು ನಾಲ್ವರು. ಎರಡು ಪಟ್ಟು. ಏಳು!

ಕುಟ್ಟಿದಳು. ಒಂದು, ಎರಡು, ಮೂರು, ನಾಲ್ಕು, ಐದು. ಸಲಿಕೆ ಜಾರಿ ಬಿತ್ತು.

ಐದೆಂದು ತಿಳಿದುಕೊಂಡರೆ? ಮಂಡಿಯೂರಿ ನೆಲವೆಲ್ಲ ಸವರಿದಳು. ಸಲಿಕೆ ಸಿಗಲಿಲ್ಲ. ಕಾಲಿನ ರಬ್ಬರ್ ಬೂಟು ಕಿತ್ತರೆ ಅದು ಸದ್ದು ಮಾಡೀತೇ? ಕೊನೆಗೆ ಟ್ರೇ ಎಳೆದು ಅದರ ಮೂಲೆಯಿಂದ ಇನ್ನೆರಡು ಏಟು ಹಾಕಿದಳು.

ಹಜಾರದಲ್ಲಿ ಕನ್ನಡಕದವಳು, "ಐದು! ತಪ್ಪು!" ಎಂದು ಚಾಕುವಿನ ಹಿಡಿ ಎತ್ತಿದ್ದಳಂತೆ. "ತಡಿಯೇ, ಇನ್ನೆರಡು ಬಂತು," ಎಂದು ನಾದಿನಿ ಅವಳ ಕೈ ಹಿಡಿದಳಂತೆ.

ಒಳಗೆ ಗಂಟಕ್ಕನಿಗೆ ಇದೊಂದೂ ಗೊತ್ತಿಲ್ಲ. ಕಿವಿಯನ್ನು ಪೈಪಿಗೆ ಒತ್ತಿ ಕೂತಳು. ಚರ್ಮ ಅಂಟಿಕೊಂಡಿತು. ಟಣ್, ಎಂದಿತು ಪೈಪು. ಕಣ್ಣು ಮುಚ್ಚಿದಳು. ಇನ್ನೊಂದು, ಟಣ್.

ಕೆಲಸ ಬಿಡುವ ಸೈರನ್ ಆಯಿತು. ಆಮೇಲಿನದನ್ನು ಅವಳಿಗೆ ಹೇಳಲು ಬರುವುದಿಲ್ಲ. ಬೆಳಕು ಬಂದದ್ದು ನೆನಪಿದೆ, ಜೊತೆಗೆ ನಾದಿನಿಯ ದನಿ: "ಏನತ್ತಿಗೆ, ಗೆದ್ದು ಅಡಗಿ ಕೂತ್ರೆ ಟಬ್ಬು ಯಾರು... ಅಯ್ಯೋ! ಬನ್ರೇ! ಕೋಟು ಹೊರಗೇ ಇದ್ಯಲ್ರೇ!"

ಕನ್ನಡಕದವಳು ಪಾದ ತಿಕ್ಕುತ್ತಾ ಅಳುತ್ತಿದ್ದಳು. "ನಾನು ನಗ್ತಾ ಇದ್ದೆ ಅಕ್ಕಾ. ನೀವು ಸಾಯ್ತಾ ಇದ್ರಿ, ನಾನು ನಗ್ತಾ ಇದ್ದೆ."

ಗುಬುಟು ರಿಪೇರಿಯಾಯಿತು. ಲೆಕ್ಕ, ಒಗಟು ಈಗಲೂ ಊಟದ ಮೇಜಿನಲ್ಲಿ ನಡೆಯುತ್ತವೆ, ಬಾಯಲ್ಲೇ. ಪೈಪನ್ನು ಯಾರೂ ಮುಟ್ಟುವುದಿಲ್ಲ. ಗಂಟಕ್ಕ ಕೋಲ್ಡ್ ರೂಮಿಗೆ ಟ್ರೇ ಒಯ್ಯುವಾಗಲೆಲ್ಲ ನಾದಿನಿ ಸುಲಿಯುವುದು ಬಿಟ್ಟು ಬಂದು ಹೊಸ್ತಿಲ ಮೇಲೆ ಕಾಲಿಟ್ಟು ನಿಲ್ಲುತ್ತಾಳೆ.

"ಏನಾದ್ರೂ ಮಾತಾಡ್ತಾ ಇರೇ," ಎನ್ನುತ್ತಾಳೆ ಗಂಟಕ್ಕ ಒಳಗಿನಿಂದ.

"ಏನಂತ ಮಾತಾಡ್ಲಿ ಅತ್ತಿಗೆ?"

"ಏನಾದ್ರೂ. ನಿಮ್ಮಣ್ಣನ್ನ ಬೈ, ಪರವಾಗಿಲ್ಲ. ನಿಲ್ಲಿಸ್ಬೇಡ."

ನಾದಿನಿ ಬೈಯುತ್ತಾಳೆ.