ಎಲೆ ಎಣಿಸಿ ಏಳುವವರು

ಕಲಬುರಗಿಯ ಸೇಡಂ ರಸ್ತೆಯಲ್ಲಿ ನಮ್ಮದೊಂದು ಇಸ್ಪೀಟ್ ಕ್ಲಬ್ಬಿತ್ತು. ದೊಡ್ಡದೇನಲ್ಲ. ಔಷಧಿ ಅಂಗಡಿಯ ಮೇಲೆ ಎರಡು ಕೋಣೆ, ಆರು ಮೇಜು, ಸದ್ದು ಹೆಚ್ಚು ಗಾಳಿ ಕಡಿಮೆ ಇರುವ ಒಂದು ಫ್ಯಾನು. ತೊಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಕಚೇರಿ ಬಿಟ್ಟವನು ಸೀದಾ ಅಲ್ಲಿಗೇ ಹೋಗುತ್ತಿದ್ದೆ. ಗುಮಾಸ್ತರು, ಮಾಸ್ತರರು, ಬಟ್ಟೆ ಅಂಗಡಿಯವರು ರಮ್ಮಿಗೆ ಕೂತರೆ ಅರ್ಧ ಆಟ, ಅರ್ಧ ಹರಟೆ. ಸೋತವನು ತನ್ನ ಎಲೆಗಳನ್ನು ಬಿಡಿಸಿಟ್ಟು ಎಲ್ಲಿ ತಪ್ಪಿದೆ ಅಂತ ಕೇಳುತ್ತಿದ್ದ, ಗೆದ್ದವನು ತಿಳಿಸಿ ಹೇಳುತ್ತಿದ್ದ. ಅಲ್ಲಿ ನಾನು ಭಾರಿ ಆಟಗಾರ. ಹಾಗಂತ ಊರಿಗಿಂತ ಮೊದಲು ನಾನೇ ನಂಬಿದ್ದೆ.

ಕ್ಲಬ್ಬಿಗೊಂದು ಪದ್ಧತಿ ಇತ್ತು. ಕೊನೆಯ ಸಲ ಎಲೆ ಹಂಚಿದವನು ಅಷ್ಟೂ ಎಲೆಗಳನ್ನು ಎಣಿಸಿ, ಜೋಡಿಸಿ ಪೆಟ್ಟಿಗೆಗೆ ಹಾಕದೆ ಏಳುವಂತಿಲ್ಲ. ಒಂದು ಎಲೆ ಕಳೆದರೂ ಮರುದಿನ ಆ ಮೇಜಿನ ಆಟ ಕೆಟ್ಟಿತು. ಈ ನಿಯಮವನ್ನು ಎಲ್ಲರಿಗಿಂತ ಶ್ರದ್ಧೆಯಿಂದ ಪಾಲಿಸುತ್ತಿದ್ದವರು ನನ್ನ ಸೋದರಮಾವ. ಮೋಮಿನಪುರದ ಹತ್ತಿರದ ಶಾಲೆಯೊಂದರಲ್ಲಿ ಮಾಸ್ತರರು. ಎಣಿಸಲು ಬರುತ್ತಿದ್ದಷ್ಟು ಅವರಿಗೆ ಆಡಲು ಬರುತ್ತಿರಲಿಲ್ಲ. ಜೋಕರ್ ಕೈಗೆ ಬಂದರೆ ಮುಖ ಅರಳಿ ಎದುರಿನವರಿಗೆಲ್ಲ ಗೊತ್ತಾಗುತ್ತಿತ್ತು. ಸೋಲುತ್ತಿದ್ದರು, ನಗುತ್ತಿದ್ದರು, ಚಹಾ ತರಿಸುತ್ತಿದ್ದರು.

ಆಮೇಲೆ ಕಾನೂನು ಬಿಗಿಯಾಯಿತು. ಪರವಾನಗಿ ಸಿಗುವುದು ಕಷ್ಟವಾಯಿತು, ಪಣ ಇಟ್ಟವರ ಮೇಲೆ ಕೇಸು ಬೀಳತೊಡಗಿತು. ಕ್ಲಬ್ಬಿಗೆ ಬೀಗ ಬಿತ್ತು. ಮಾನ ಮರ್ಯಾದೆಗೆ ಅಂಜುವವರು ಅವತ್ತೇ ಎಲೆ ಮುಟ್ಟುವುದನ್ನು ಬಿಟ್ಟರು. ಮಾಮಾ ಕೂಡ ಬಿಟ್ಟರು. ಮುಂದಿನ ವರ್ಷ ಹೆಡ್ ಮಾಸ್ತರರಾಗುವ ಸರದಿ ಅವರದು, ಇಪ್ಪತ್ತು ವರ್ಷದಿಂದ ಕಾದಿದ್ದ ಕುರ್ಚಿ.

ಬಿಡದವರ ಆಟ ಕಮಲಾಪುರಕ್ಕೆ ಹೋಯಿತು. ಅಲ್ಲಿ ಒಬ್ಬರ ಬಾಳೆ ತೋಟದ ಪಂಪಿನ ಕೋಣೆಯಲ್ಲಿ ಭಾನುವಾರ ಮಧ್ಯಾಹ್ನ ಕೂಡುತ್ತಿದ್ದೆವು. ಅದೇ ರಮ್ಮಿ, ಅವೇ ಎಲೆಗಳು, ಆದರೆ ಆಟದ ರುಚಿಯೇ ಕೆಟ್ಟಿತ್ತು. ಯಾರೂ ಮಾತಾಡುವುದಿಲ್ಲ, ಸೋತ ಮೇಲೆ ಎಲೆ ತೋರಿಸುವುದಿಲ್ಲ, ತಪ್ಪಂತೂ ಮಾಡುವುದೇ ಇಲ್ಲ. ಕಾನೂನು ಹೆದರಿಸಿ ಕಳಿಸಿದ್ದು ನಗುತ್ತಾ ಆಡುವವರನ್ನು. ಅದನ್ನೇ ಕಸುಬು ಮಾಡಿಕೊಂಡವರು ಗಟ್ಟಿಯಾಗಿ ಉಳಿದಿದ್ದರು. ಅವರ ನಡುವೆ ಎರಡು ತಿಂಗಳು ಕೂತ ಮೇಲೆ ನನಗೆ ತಿಳಿಯಿತು, ಕ್ಲಬ್ಬಿನಲ್ಲಿ ನನ್ನ ಜಾಣತನ ಅನ್ನುವುದು ಉಳಿದವರ ದಡ್ಡತನವಾಗಿತ್ತು.

ಮರ್ಯಾದೆಯಿಂದ ಎದ್ದು ಬರಬೇಕಿತ್ತು. ಹಾಳಾದ ಜಂಬ ಬಿಡಲಿಲ್ಲ. ನನಗಿಂತ ಕೆಟ್ಟದಾಗಿ ಆಡುವ ಒಬ್ಬರು ಆ ಆಟಕ್ಕೆ ಬೇಕಾಗಿತ್ತು, ಮಾಮಾನ ನೆನಪಾಯಿತು. ಹಳೆಯ ಗೆಳೆಯರೇ ಇದ್ದಾರೆ, ಪೊಲೀಸರು ಅತ್ತ ಸುಳಿಯುವುದಿಲ್ಲ ಅಂತ ಸುಳ್ಳು ಹೇಳಿದೆ. ಅವರು ಕುರ್ಚಿಯ ಮಾತೆತ್ತಿ ಹಿಂದೆಮುಂದೆ ನೋಡಿದರು. ನಾನು ಮತ್ತೆ ಮತ್ತೆ ಕರೆದೆ. ಕಡೆಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನನ್ನ ಜೊತೆ ಬಸ್ಸು ಹತ್ತಿದರು.

ಅವರು ಬಂದ ಮೂರನೆಯ ಭಾನುವಾರ ತೋಟದ ಅಂಚಿನಲ್ಲಿ ಜೀಪಿನ ಸದ್ದಾಯಿತು. ಎಲ್ಲರೂ ಹಿಂದಿನ ಬಾಗಿಲಿನಿಂದ ಬಾಳೆ ಸಾಲುಗಳೊಳಗೆ ನುಗ್ಗಿದರು, ನಾನೂ ನುಗ್ಗಿದೆ. ನಾಲ್ಕು ಹೆಜ್ಜೆ ಹೋಗಿ ತಿರುಗಿ ನೋಡಿದರೆ ಮಾಮಾ ಕೂತಲ್ಲೇ ಕೂತಿದ್ದಾರೆ. ಆ ಸಲ ಎಲೆ ಹಂಚಿದವರು ಅವರು. ಚಾಪೆಯ ಮೇಲೆ ಚೆಲ್ಲಿದ್ದ ಎಲೆಗಳನ್ನು ಕೂಡಿಸಿಕೊಂಡು, ಬೆರಳಿಗೆ ಎಂಜಲು ಹಚ್ಚಿ ಎಣಿಸುತ್ತಿದ್ದಾರೆ.

"ಮಾಮಾ, ಬಿಡ್ರಿ ಅವನ್ನ, ಲಗೂನ ಬರ್ರಿ" ಅಂದೆ.

"ಎರಡ ಎಲಿ ಕಡಿಮಿ ಬರಾಕತ್ತಾವ. ಸ್ವಲ್ಪ ನಿಂದ್ರು" ಅಂದರು.

ನಾನು ನಿಲ್ಲಲಿಲ್ಲ.

ಎಲೆಗಳನ್ನು ಜೋಡಿಸಿ ಕೈಯಲ್ಲಿ ಹಿಡಿದವನೇ ಅಡ್ಡೆಯ ಯಜಮಾನ ಅಂತ ಬಂದ ಪೊಲೀಸರು ತಿಳಿದರು. ತಿಳಿಯದೆ ಏನು ಮಾಡಿಯಾರು, ಜೂಜಿನ ಮನೆಯಲ್ಲಿ ಜವಾಬ್ದಾರಿಯಿಂದ ಎಲೆ ಎಣಿಸುತ್ತಾ ಕೂತವರನ್ನು ಅವರು ಕಂಡದ್ದಿಲ್ಲ. ಜೂಜು ಆಡಿಸಿದ ಕೇಸು ಮಾಮಾನ ಮೇಲೆಯೇ ಬಿತ್ತು. ಜೊತೆಗಿದ್ದವರು ಯಾರೆಂದು ಎಷ್ಟು ಕೇಳಿದರೂ ಅವರು ಒಂದು ಹೆಸರನ್ನೂ ಹೇಳಲಿಲ್ಲವಂತೆ. ತಿಂಗಳೊಳಗೆ ಅಮಾನತ್ತಿನ ಕಾಗದ ಬಂತು. ಹೆಡ್ ಮಾಸ್ತರರ ಕುರ್ಚಿಯಲ್ಲಿ ಅವರಿಗಿಂತ ಕಿರಿಯರೊಬ್ಬರು ಕೂತರು.

ಕಾಗದ ಬಂದ ಮರುದಿನ ಐವಾನ್-ಎ-ಶಾಹಿಯ ಕಡೆಗಿದ್ದ ಅವರ ಮನೆಗೆ ಹೋದೆ. ನಾಚಿಕೆಯಿಂದ ಹೊಸ್ತಿಲಲ್ಲೇ ನಿಂತೆ. ಮಾಮಾ ಕೈಹಿಡಿದು ಊಟಕ್ಕೆ ಕೂರಿಸಿದರು. ಅತ್ತೆ ರೊಟ್ಟಿ ಬಡಿಸುತ್ತಾ, ಎಲ್ಲ ಬಿಟ್ಟು ಮನೆಯಲ್ಲಿದ್ದವರನ್ನು ಅಲ್ಲಿಗೆ ಕರೆದೊಯ್ದದ್ದು ಯಾಕೆ ಅಂತ ನನ್ನನ್ನು ನೇರವಾಗಿ ಕೇಳಿದರು. ನಿಜ ನಾಲಿಗೆಯ ತನಕ ಬಂದಿತ್ತು. ಅಷ್ಟರಲ್ಲಿ ಮಾಮಾ ಮಾತಾಡಿದರು.

"ಅವನಿಗ್ಯಾಕ ಬೈತಿ. ಸಣ್ಣಾಂವ ಇದ್ದಾಗಿಂದ ನನ್ನ ಬಿಟ್ಟು ಅವನಿಗೆ ಎಲ್ಲೂ ಹೋಗಾಕ ಮನಸ ಬರೂದಿಲ್ಲ. ಪ್ರೀತೀಲೆ ಕರದಾನ, ನಾ ಹೋಗೀನಿ."

ಅತ್ತೆಯ ಸಿಟ್ಟು ಇಳಿಯಿತು. ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಮೇಲೆ ಬೆಣ್ಣೆ ಇಟ್ಟರು. ನಾನು ತಲೆ ತಗ್ಗಿಸಿ ಅದನ್ನು ಪೂರ್ತಿ ತಿಂದೆ.